ಒಂದೇ ಭಾನುವಾರಕ್ಕೆ ಮೂವತ್ತು ದಿನ

ಆ ಭಾನುವಾರ ಬೆಳಿಗ್ಗೆ ಮಗಳ ಸ್ಕೂಲ್ ಬ್ಯಾಗನ್ನು ಬಿಸಿಲಿಗೆ ಹಾಕುವ ಬುದ್ಧಿ ಬಾರದಿದ್ದರೆ ಯಜ್ಞೇಶನ ಬೇಸಿಗೆ ನೆಮ್ಮದಿಯಾಗಿಯೇ ಮುಗಿಯುತ್ತಿತ್ತು.

ಮಾರನೇ ದಿನ ಶಾಲೆ ಶುರು. ಒಂದು ತಿಂಗಳಿಂದ ಮಂಚದಡಿ ಬಿದ್ದಿದ್ದ ಬ್ಯಾಗು ಒದ್ದೆ ನಾಯಿಯ ಹಾಗೆ ನಾರುತ್ತಿತ್ತು. ಅಂಗಳಕ್ಕೆ ತಂದು ತಲೆಕೆಳಗೆ ಮಾಡಿ ಕೊಡವಿದ. ಅರ್ಧ ರಬ್ಬರು ಬಿತ್ತು, ಒಣಗಿದ ನೆಲ್ಲಿಕಾಯಿ ಬಿತ್ತು, ಕೊನೆಗೆ ನೀಲಿ ರಟ್ಟಿನ ಒಂದು ನೋಟ್‌ಬುಕ್ಕು ಬಿತ್ತು. ಮೇಲೆ ದುಂಡಗೆ ಬರೆದಿತ್ತು: 'ನನ್ನ ಬೇಸಿಗೆ ರಜೆಯ ಡೈರಿ. ಮಹಿಮಾ, ನಾಲ್ಕನೇ ತರಗತಿ.'

ಯಜ್ಞೇಶನ ಎದೆ ಬ್ರೇಕ್ ಇಲ್ಲದ ಬಸ್ಸಿನ ಹಾಗೆ ಇಳಿಜಾರಿಗೆ ಹೊರಟಿತು. ಪುಟ ತಿರುವಿದ. ಏಪ್ರಿಲ್ ಮೂವತ್ತರ ತನಕ ಮುತ್ತು ಪೋಣಿಸಿದ ಹಾಗೆ ಅಕ್ಷರ. ಮೇ ಒಂದರಿಂದ ಮುಂದಕ್ಕೆ ಬರೀ ಬಿಳಿ ಹಾಳೆ.

ಏಪ್ರಿಲ್ ಮೂವತ್ತರ ಸಂಜೆ ಅವನ ಹೆಂಡತಿ ಜ್ಯೋತ್ಸ್ನಾ ತಂಗಿಯ ಬಾಣಂತನಕ್ಕೆಂದು ನರಸಿಂಹರಾಜಪುರಕ್ಕೆ ಹೋಗಿದ್ದಳು. ಹೋಗುವ ಮೊದಲು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹೇಳಿದ್ದಳು: "ಮಗು ಬೆಳ್ಸದ್ರಲ್ಲಿ ನಂದೂ ಪಾಲಿದೆ ಅಂತೀರಲ್ಲ, ನೋಡೋಣ. ಒಂದು ತಿಂಗ್ಳು ನೀವೇ ಅಡಿಗೆ ಮಾಡಿ, ಅವ್ಳ ಜೊತೆಗಿದ್ದು, ದಿನಾ ಡೈರಿ ಬರೆಸಿ. ಒಂದು ದಿನಾನೂ ತಪ್ಪದಿದ್ರೆ ಮಳೆಗಾಲದ ಭಾನುವಾರ ಎಲ್ಲ ನಿಮ್ದು. ಕೇರಂ ಆಡ್ಕಳಿ, ನಾನು ಎಂತದೂ ಕೇಳಲ್ಲ. ತಪ್ಪಿದ್ರೆ ಕೇರಂ ಅನ್ನೋ ಹೆಸ್ರೂ ಈ ಮನೇಲಿ ಎತ್ತಬಾರ್ದು."

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆದ ಯಜ್ಞೇಶನಿಗೆ ಜೀವನದಲ್ಲಿ ಇದ್ದದ್ದು ಎರಡೇ ಆಸೆ. ಬಸ್ಸು ಟೈಮಿಗೆ ಬರಬೇಕು. ಭಾನುವಾರ ಮಧ್ಯಾಹ್ನ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹೊರಗೆ ಮಳೆ ಹೊಡೆಯುತ್ತಿರುವಾಗ, ಕೆಂಪು ಕಾಯಿ ಹೊಡೆಯಬೇಕು. ಜ್ಯೋತ್ಸ್ನಾ ದಿನಾ ಸಂಜೆ ಫೋನ್ ಮಾಡಿ "ಡೈರಿ?" ಎನ್ನುತ್ತಿದ್ದಳು. ಅವನು "ಆಯ್ತು" ಎನ್ನುತ್ತಿದ್ದ. ಹಿಂದಿನಿಂದ ತಂಗಿಯ ಕೂಸು ಕಿರುಚಿಕೊಳ್ಳುತ್ತಿತ್ತು. ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಇವತ್ತು ಅವಳು ಬರುತ್ತಾಳೆ. ನಾಲ್ಕೂವರೆಗೆ ನರಸಿಂಹರಾಜಪುರ ಬಿಡುವ ಬಸ್ಸು, ಐದೂ ಮೂವತ್ತೈದಕ್ಕೆ ಕೊಪ್ಪ. ಈಗ ಗಂಟೆ ಒಂಬತ್ತು.

"ಮಹಿಮಾ!" ಎಂದು ಅವನು ಕೂಗಿದ ಕೂಗಿಗೆ ಬೇಲಿ ಮೇಲಿನ ಕಾಗೆ ಹಾರಿತು.

ಮಗಳು ಪಕ್ಕದ ಮನೆಯ ಅಂಗಳದಿಂದ ಓಡಿಬಂದಳು. ತಿಂಗಳಿಡೀ ಅವಳು ಇದ್ದದ್ದೇ ಅಲ್ಲಿ. ಅಪ್ಪ ಬಸ್ ಸ್ಟ್ಯಾಂಡಿಗೆ, ಮಗಳು ಸುಲೋಚನಮ್ಮನ ಮನೆಗೆ. ಊಟ, ತಿಂಡಿ, ಟೀವಿ ಎಲ್ಲ ಅಲ್ಲೇ.

"ಡೈರಿ ಯಾಕೆ ಬರೀಲಿಲ್ಲ?"

"ನೀನು ಬರ್ಸು ಅಂತ ಅಮ್ಮ ನಿಂಗೆ ಹೇಳಿದ್ದು. ನಂಗಲ್ಲ."

ಐದು ದಿನ ಬರೆದರೆ ಒಂದು ಐಸ್ ಕ್ಯಾಂಡಿ ಎಂದು ಒಪ್ಪಂದವಾಯಿತು. ಜಗಲಿಯಲ್ಲಿ ಚಾಪೆ ಹಾಸಿ, ಮಗಳ ಕೈಗೆ ಪೆನ್ನು ಕೊಟ್ಟು, ಮೇ ಒಂದು ಎಂದು ಬರೆಸಿದ. ಆಮೇಲೆ ಇಬ್ಬರೂ ಹಂಚು ನೋಡುತ್ತಾ ಕೂತರು. ಮೇ ಒಂದನೇ ತಾರೀಕು ಏನಾಯಿತು ಅಂತ ಯಾರಿಗೆ ನೆನಪಿದೆ?

"ಎಂತ ಮಾರಾಯ, ಪರೀಕ್ಷೆಯಾ?" ಎದುರು ಮನೆಯ ರೇಣುಕಪ್ಪ ಗೇಟು ತೆಗೆದುಕೊಂಡು ಬಂದರು. ನಿವೃತ್ತ ಪೋಸ್ಟ್ ಮಾಸ್ತರು. ಕಾಂಪೌಂಡಿನ ಮೇಲೆ ಮಳೆ ಅಳೆಯುವ ಕೊಳವೆ ಇಟ್ಟುಕೊಂಡು, ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಮಿಲಿಮೀಟರ್ ಲೆಕ್ಕ ಬರೆದಿಡುವ ಮನುಷ್ಯ. ವಿಷಯ ಕೇಳಿದ್ದೇ ಅವರ ಕಣ್ಣು ಮಿನುಗಿತು. "ಅಯ್ಯೋ, ಡೈರಿಗೆ ಹವಾಮಾನ ಮುಖ್ಯ! ತಡಿ, ನನ್ ಪುಸ್ತಕ ತರ್ತಿನಿ."

ಬೇಲಿಯ ಆಚೆ ಹಲಸಿನ ಹಪ್ಪಳ ಹಚ್ಚುತ್ತಿದ್ದ ಸುಲೋಚನಮ್ಮ ಕತ್ತು ಉದ್ದ ಮಾಡಿದರು. "ಎಂತದಕ್ಕೆ ಪುಸ್ತಕ? ಯಾರಿಗೆ ಎಂತಾಯ್ತು?" ಎನ್ನುತ್ತಾ ಅವರೂ ಬಂದರು.

ಹೀಗೆ ಮೂವತ್ತು ದಿನ ಕಟ್ಟುವ ಕೆಲಸಕ್ಕೆ ಸಮಿತಿ ಸೇರಿತು.

ಮೊದಲ ಜಗಳ ಊಟದ್ದು. ಜ್ಯೋತ್ಸ್ನಾಳ ಷರತ್ತಿನ ಪ್ರಕಾರ ಅಡಿಗೆ ಅಪ್ಪನದೇ ಆಗಬೇಕಲ್ಲ, ಹಾಗಾಗಿ ಯಜ್ಞೇಶ ಹೇಳಿ ಬರೆಸಿದ: "ಮೇ ಮೂರು. ಬೆಳಿಗ್ಗೆ ಅಪ್ಪ ನೀರುದೋಸೆ ಮಾಡಿದರು. ದೋಸೆ ಮಲ್ಲಿಗೆಯ ಹಾಗಿತ್ತು."

"ಎಂತ ಎಂತ?" ಸುಲೋಚನಮ್ಮ ಸೊಂಟಕ್ಕೆ ಕೈಯಿಟ್ಟರು. "ಒಂದು ತಿಂಗ್ಳು ಬಡಿಸಿದ ಕೈ ನಂದು, ಹೆಸ್ರು ನಿಂದಾ? ನೀನು ನೀರು ಕಾಯ್ಸಿದ್ರೂ ತಳ ಹಿಡಿಯುತ್ತೆ ಮಾರಾಯ!"

"ಸುಲೋಚನಮ್ಮ, ನನ್ ಮರ್ಯಾದೆ ನಿಮ್ ಕೈಲಿದೆ. ದೋಸೆ ನಂಗೆ ಬಿಡಿ. ಹಪ್ಪಳ ಪೂರ್ತಿ ನಿಮ್ಗೆ."

"ಹಪ್ಪಳ ಮತ್ತೆ ಹತ್ತು ದಿನದ ಸಾರು," ಎಂದು ಸುಲೋಚನಮ್ಮ ಚೌಕಾಶಿ ಮಾಡಿದರು. ಮಹಿಮಾ ಬರೆಯುವುದನ್ನು ಬಗ್ಗಿ ನೋಡಿ, "ಕೂಸೇ, ಅಜ್ಜಿ ಅಂತ ಯಾಕೆ ಬರೀತಿ? ಅತ್ತೆ ಅಂತ ಬರಿ. ನಿಮ್ ಮಿಸ್ ಎಂತ ತಿಳ್ಕಂತಾರೆ," ಎಂದು ತಿದ್ದಿಸಿದರು.

ಎರಡನೇ ಜಗಳ ನಕ್ಷತ್ರದ್ದು. ಮೇ ಹನ್ನೊಂದರ ರಾತ್ರಿ ಅಪ್ಪ ಮಗಳು ಅಂಗಳದಲ್ಲಿ ಮಲಗಿ ನಕ್ಷತ್ರ ಎಣಿಸಿದರೆಂದು ಬರೆದಾಗಿತ್ತು. ರೇಣುಕಪ್ಪ ತಮ್ಮ ಪುಸ್ತಕದ ಮೇಲೆ ಬೆರಳಿಟ್ಟು ಹೌಹಾರಿದರು. "ಹನ್ನೊಂದಾ? ಅವತ್ತು ನಲವತ್ತೆರಡು ಮಿಲಿಮೀಟರ್! ಗುಡುಗು, ಸಿಡಿಲು, ರಾತ್ರಿಯಿಡೀ ಕರೆಂಟಿಲ್ಲ. ಎಂತ ನಕ್ಷತ್ರ?"

"ಹೋಗ್ಲಿ ಬಿಡಿ ಸಾರ್, ಯಾರು ನೋಡ್ತಾರೆ."

"ನೋಡು ಯಜ್ಞೇಶ. ದೋಸೆ ವಿಷಯದಲ್ಲಿ ಎಂತ ಸುಳ್ಳು ಬೇಕಾದ್ರೂ ಬರ್ಸು. ಮಳೆ ವಿಷಯದಲ್ಲಿ ಸುಳ್ಳು ಬರ್ಸಕ್ಕೆ ನಾನು ಬದ್ಕಿರೋ ತನಕ ಬಿಡಲ್ಲ."

ನಕ್ಷತ್ರಗಳನ್ನು ಮೇ ಹದಿನಾಲ್ಕಕ್ಕೆ ವರ್ಗಾಯಿಸಲಾಯಿತು. ಹನ್ನೊಂದಕ್ಕೆ ಅಪ್ಪ ಮೇಣದಬತ್ತಿ ಬೆಳಕಿನಲ್ಲಿ ಕತೆ ಹೇಳಿದರು ಎಂದಾಯಿತು. ಒಂದೇ ಪೆನ್ನಿನಲ್ಲಿ ಬರೆದರೆ ಒಂದೇ ದಿನ ಬರೆದದ್ದು ಗೊತ್ತಾಗುತ್ತದೆಂದು ರೇಣುಕಪ್ಪ ಪೋಸ್ಟಾಫೀಸಿನ ಕಾಲದ ಐದು ಪೆನ್ನು ತಂದರು. ಎರಡರಲ್ಲಿ ಇಂಕು ಬರಲಿಲ್ಲ. ಮೂರನೆಯದು ಬಂದ ರಭಸಕ್ಕೆ ಮೇ ಹದಿಮೂರು ಅರ್ಧ ನೀಲಿಯಾಯಿತು.

ಗಂಟೆ ಹನ್ನೆರಡು ಆಗುವಷ್ಟರಲ್ಲಿ ಯಜ್ಞೇಶನ ಕಲ್ಪನೆ ಬತ್ತಿಹೋಗಿತ್ತು. ಅವನು ಹೇಳುವ ಪ್ರತಿ ದಿನವೂ ದೋಸೆಯಲ್ಲಿ ಶುರುವಾಗಿ ನಿದ್ದೆಯಲ್ಲಿ ಮುಗಿಯುತ್ತಿತ್ತು. ಆಗ ಮಹಿಮಾಳೇ ಶುರುಮಾಡಿದಳು. ತಲೆಯೆತ್ತದೆ, ಯಾರನ್ನೂ ಕೇಳದೆ. ಮೇ ಹದಿನೇಳು, ಅಪ್ಪ ನನ್ನನ್ನು ಶೃಂಗೇರಿಗೆ ಕರೆದುಕೊಂಡು ಹೋದರು. ಹೊಳೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಮಂಡಕ್ಕಿ ಹಾಕಿದೆವು. ಒಂದು ಮೀನು ನನ್ನ ಬೆರಳು ಮುಟ್ಟಿತು. ಮೇ ಹತ್ತೊಂಬತ್ತು, ಅಪ್ಪ ನನಗೆ ಸೈಕಲ್ ಕಲಿಸಿದರು, ನಾನು ಬಿದ್ದೆ, ಅಪ್ಪ ನಗಲಿಲ್ಲ. ಮೇ ಇಪ್ಪತ್ತೊಂದು, ಕಮ್ಮರಡಿಗೆ ಹೋಗಿ ನೇರಳೆ ಹಣ್ಣು ತಿಂದೆವು, ಅಪ್ಪನ ನಾಲಿಗೆ ನನ್ನ ನಾಲಿಗೆಗಿಂತ ನೇರಳೆಯಾಯಿತು.

"ಇದೆಲ್ಲ ಎಲ್ಲಿಂದ ಬರುತ್ತೆ ನಿಂಗೆ?" ಯಜ್ಞೇಶ ಬೆರಗಾಗಿ ಕೇಳಿದ.

"ದಿನಾ ಬೆಳಿಗ್ಗೆ ಅಂದ್ಕತಿದ್ದೆ ಅಪ್ಪಾ, ಇವತ್ತು ಹೋಗ್ಬಹುದು ಅಂತ."

ಯಜ್ಞೇಶ ಎದ್ದು ಹೋಗಿ ಕೇಳದಿದ್ದರೂ ಇನ್ನೊಂದು ಐಸ್ ಕ್ಯಾಂಡಿ ತಂದ. ಸುಲೋಚನಮ್ಮ ಕಣ್ಣೊರೆಸಿಕೊಂಡು, "ಎಲ್ಲಿ, ಎಷ್ಟು ಚಂದ ಬರ್ದಿದ್ಯ ನೋಡಾನ," ಎಂದು ಪುಟ ತಿರುವಿದರು.

ತಿರುವಿದ ಕೈ ಹಪ್ಪಳಕ್ಕೆ ಹಲಸಿನಕಾಯಿ ಬಿಡಿಸಿದ ಕೈ.

ಹಲಸಿನ ಮೇಣಕ್ಕೆ ಕರುಣೆ ಇಲ್ಲ. ಮೇ ಒಂಬತ್ತರಿಂದ ಹನ್ನೆರಡರ ತನಕ ನಾಲ್ಕು ದಿನ ಒಂದಕ್ಕೊಂದು ಅಪ್ಪಿಕೊಂಡವು. ಐದನೆಯದಾಗಿ ಸುಲೋಚನಮ್ಮನ ಹೆಬ್ಬೆರಳೂ ಸೇರಿಕೊಂಡಿತು. ಯಜ್ಞೇಶ ಪುಸ್ತಕ ಎಳೆದ, ಸುಲೋಚನಮ್ಮ ಕೈ ಎಳೆದರು, ರೇಣುಕಪ್ಪ "ಹರಿಬೇಡಿ! ನಲವತ್ತೆರಡು ಮಿಲಿಮೀಟರ್ ಅದ್ರೊಳಗೇ ಇದೆ!" ಎಂದು ಚೀರಿದರು. ಕೊನೆಗೆ ಮೇಣಕ್ಕೆ ಮದ್ದು ತೆಂಗಿನೆಣ್ಣೆ ಎಂದು ತೀರ್ಮಾನವಾಗಿ, ಎಣ್ಣೆ ಸವರಿ ಬಿಡಿಸಿದರು. ಪುಟಗಳು ಬಿಟ್ಟವು. ಬಿಟ್ಟ ಪುಟಗಳು ಎಣ್ಣೆ ಕುಡಿದು ಗಾಜಿನ ಹಾಗಾಗಿ, ಒಂಬತ್ತನೇ ತಾರೀಕಿನ ದೋಸೆಯ ಹಿಂದೆ ಹತ್ತನೇ ತಾರೀಕಿನ ಸಾರು ಕಾಣತೊಡಗಿತು.

"ಹನ್ನೆರಡಕ್ಕೆ ಒಂದು ಸಾಲು ಸೇರ್ಸು ಕೂಸೇ," ಎಂದರು ಸುಲೋಚನಮ್ಮ. ಸೋಲುವ ಹೆಂಗಸಲ್ಲ ಅವರು. "ಇವತ್ತು ಸುಲೋಚನತ್ತೆಯ ಜೊತೆ ಹಪ್ಪಳ ಮಾಡಿದೆವು, ಪುಸ್ತಕಕ್ಕೂ ತಾಗಿತು ಅಂತ."

ಪುಟಗಳನ್ನು ಬಿಸಿಲಿಗೆ ಹರಡಿದರು. ಗಂಟೆ ಮೂರಕ್ಕೆ ಬಿಸಿಲು ಹೋಯಿತು. ಮೂರೂಕಾಲಿಗೆ ಪಡುವಣದಿಂದ ಕಪ್ಪು ಮೋಡ ಬಂದು ಗುಡುಗಿತು. ಸುಲೋಚನಮ್ಮ ಹಪ್ಪಳದ ಚಾಪೆಯ ಕಡೆ ಓಡಿದರು, ರೇಣುಕಪ್ಪ ಕೊಳವೆಯ ಕಡೆ ಓಡಿದರು, ಯಜ್ಞೇಶ ಡೈರಿಯನ್ನು ಅಂಗಿಯೊಳಗೆ ತೂರಿಕೊಂಡು ಒಳಗೆ ಓಡಿದ. ಇನ್ನೂ ಐದು ದಿನ ಬಾಕಿ. ಮಹಿಮಾ ಕೈ ಕೊಡವುತ್ತಾ, "ಬೆರಳು ನೋಯ್ತಿದೆ ಅಪ್ಪಾ," ಎಂದಳು.

ಯಜ್ಞೇಶ ಆಗ ತನ್ನ ಹದಿನಾರು ವರ್ಷದ ಸರ್ವೀಸಿನಲ್ಲಿ ಎಂದೂ ಮಾಡದ ಕೆಲಸ ಮಾಡಿದ. ನರಸಿಂಹರಾಜಪುರದ ಬಸ್ಸಿನ ಕಂಡಕ್ಟರ್ ಶಶಿಕಿರಣನಿಗೆ ಫೋನ್ ಹಚ್ಚಿದ.

"ಶಶಿ, ಇವತ್ತು ಒಂದು ಅರ್ಧ ಗಂಟೆ ಲೇಟಾಗಿ ಬಾ ಮಾರಾಯ."

ಶಶಿಕಿರಣ ನಿಧಾನವಾಗಿ ಕೇಳಿದ, "ಯಾರು ಮಾತಾಡದು? ನಮ್ ಯಜ್ಞೇಶಣ್ಣನಾ? ಮೊನ್ನೆ ಮೂರು ನಿಮಿಷ ಲೇಟಾಗಿದ್ದಕ್ಕೆ ಎಲ್ರೆದ್ರು ಉಗ್ದ ಯಜ್ಞೇಶಣ್ಣನಾ?"

"ಅದು ಡ್ಯೂಟಿ. ಇದು ಸಂಸಾರ."

"ನೀವು ಎಂತದೂ ಯೋಚ್ನೆ ಮಾಡ್ಬೇಡಿ ಅಣ್ಣಾ," ಎಂದ ಶಶಿಕಿರಣ ಬಹಳ ವಿನಯದಿಂದ. ಬಸ್ಸು ಐದೂ ಇಪ್ಪತ್ತಕ್ಕೇ ಬಂತು. ಅಷ್ಟು ಬೇಗ ಆ ಬಸ್ಸು ಕೊಪ್ಪ ಕಂಡದ್ದು ಅದೇ ಮೊದಲು.

ಜ್ಯೋತ್ಸ್ನಾ ಆಟೋ ಇಳಿದಾಗ ಮಹಿಮಾ ಮೇ ಮೂವತ್ತರ ಕೊನೆಯ ಚುಕ್ಕಿ ಇಡುತ್ತಿದ್ದಳು. ಯಜ್ಞೇಶ ಪೆನ್ನುಗಳನ್ನು ಕಿಟಕಿಯಿಂದಾಚೆ ಎಸೆದ. ಮಗಳನ್ನು ಅಪ್ಪಿ ಮುದ್ದಾಡಿದ ಜ್ಯೋತ್ಸ್ನಾ ಕಾಲು ಕೂಡ ತೊಳೆಯದೆ ಕೇಳಿದಳು. "ಎಲ್ಲಿ ಡೈರಿ?"

ಅವಳು ಜಗಲಿಯ ಅಂಚಿನಲ್ಲಿ ಕೂತು ಓದಿದಳು. ಬೇಲಿಯ ಆಚೆ ಸುಲೋಚನಮ್ಮ, ಗೇಟಿನ ಹತ್ತಿರ ರೇಣುಕಪ್ಪ, ಕಂಬಕ್ಕೊರಗಿ ಯಜ್ಞೇಶ. ಎಣ್ಣೆಯ ಪುಟ ಬಂದಾಗ ಅವಳು ನಕ್ಕಳು. ಶೃಂಗೇರಿಯ ಪುಟದಲ್ಲಿ ನಗು ನಿಂತಿತು. ಸೈಕಲ್ಲಿನ ಪುಟವನ್ನು ಎರಡು ಸಲ ಓದಿದಳು. ಕೊನೆಯ ಪುಟ ಮುಚ್ಚಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ನಂಗೆ ಇಷ್ಟು ನಂಬಿಕೆ ಇರ್ಲಿಲ್ಲ ನಿಮ್ ಮೇಲೆ. ನೀವು ಗೆದ್ರಿ. ಭಾನುವಾರ ನಿಮ್ದೇ."

ಯಜ್ಞೇಶನಿಗೆ ಹಂಚು ಹಾರಿಹೋಗುವ ಹಾಗೆ ಕುಣಿಯಬೇಕೆನಿಸಿತು. ಬೇಲಿಯಾಚೆಯಿಂದ ಸುಲೋಚನಮ್ಮ ಸಣ್ಣಗೆ ಚಪ್ಪಾಳೆಯನ್ನೂ ತಟ್ಟಿದರು.

"ಒಂದ್ ಮಾತು," ಎಂದಳು ಜ್ಯೋತ್ಸ್ನಾ. ದನಿ ಬದಲಾಗಿತ್ತು. "ಮದ್ವೆಯಾಗಿ ಹನ್ನೊಂದು ವರ್ಷ. ನನ್ನ ಒಂದ್ಸಲ ಶೃಂಗೇರಿಗೆ ಕರ್ಕಂಡು ಹೋಗಿದೀರಾ?"

"ಹೋಗಿದ್ವಲ್ಲ, ನಿನ್ ಅಣ್ಣನ ಮಗನ ಉಪನಯನಕ್ಕೆ..."

"ಊಟ ಮಾಡಿದ ಕೈ ತೊಳಿಯಕ್ಕೂ ಬಿಡ್ದೆ ಎರಡೂವರೆ ಬಸ್ಸಿಗೆ ಓಡ್ಸಿದ್ರಿ. ಮೀನು ನೋಡ್ಬೇಕು ಅಂದೆ. ಮೀನು ಎಲ್ಲೂ ಹೋಗಲ್ಲ, ಮುಂದಿನ ಸಲ ನೋಡು ಅಂದ್ರಿ. ಹನ್ನೊಂದು ವರ್ಷದಲ್ಲಿ ಒಂದು ಲೋಟ ಕಾಫಿ ಮಾಡ್ಕೊಟ್ಟಿದೀರಾ? ನಾನು ಆಚೆ ಹೋಗಿದ್ದೇ ತಡ ಹದಿನಾರು ದಿನ ನೀರುದೋಸೆ! ನಕ್ಷತ್ರ! ನೇರಳೆ ಹಣ್ಣು! ಅಂದ್ರೆ ನಿಮ್ಗೆ ಬರದಿಲ್ಲ ಅಂತಲ್ಲ. ಎಲ್ಲಾ ಬರುತ್ತೆ. ನಾನಿದ್ರೆ ಮಾತ್ರ ಬರಲ್ಲ."

"ಹಾಗಲ್ಲ ಜ್ಯೋತ್ಸ್ನಾ, ವಿಷಯ ಎಂತ ಅಂದ್ರೆ..."

ಅವನು ಬಾಯಿ ತೆರೆದ. ಸುಲೋಚನಮ್ಮ ಬೇಲಿಯ ಹಿಂದೆ ಕುಸಿದು ಮರೆಯಾದರು. ರೇಣುಕಪ್ಪ ಆಕಾಶದಲ್ಲಿ ಮೋಡ ಹುಡುಕತೊಡಗಿದರು. ನಿಜ ಹೇಳಿದರೆ ಸುಳ್ಳುಗಾರ, ಕೇರಂ ಹೋಯಿತು. ಹೇಳದಿದ್ದರೆ... ಯಜ್ಞೇಶ ಬಾಯಿ ಮುಚ್ಚಿದ.

"ಕೇರಂ ಆಡ್ಕಳಿ, ಮಾತು ಕೊಟ್ಟಿದೀನಿ," ಎಂದಳು ಜ್ಯೋತ್ಸ್ನಾ, ಡೈರಿಯನ್ನು ಎದೆಗೊತ್ತಿಕೊಂಡು. "ಇದ್ರಲ್ಲಿರೋದೆಲ್ಲ ನಮ್ಮಿಬ್ರಿಗೂ ಒಂದೊಂದಾಗಿ ಮಾಡಿ ಮುಗ್ಸಿ, ಆಮೇಲೆ ಆಡಿ. ಒಂದೊಂದು ಭಾನುವಾರಕ್ಕೆ ಡೈರಿಯ ಒಂದೊಂದು ದಿನ. ಮೂವತ್ತು ದಿನ ಇದೆ."

ಮೂವತ್ತು ಭಾನುವಾರ! ಟೈಮ್ ಕೀಪರನ ತಲೆ ತಾನಾಗಿಯೇ ಲೆಕ್ಕ ಹಾಕಿತು. ಮಳೆಗಾಲ ಮುಗಿದು, ಚಳಿ ಬಂದು, ಕ್ರಿಸ್ಮಸ್ ರಜೆ ದಾಟುತ್ತದೆ.

"ಶೃಂಗೇರಿ ಮೊದ್ಲು!" ಎಂದು ಮಹಿಮಾ ಅಮ್ಮನ ಕೈ ಹಿಡಿದು ಕುಪ್ಪಳಿಸಿದಳು.

"ಶೃಂಗೇರಿ ಮುಂದಿನ ವಾರ. ನಾಳೆ ಬೆಳಿಗ್ಗೆಗೆ ನೀರುದೋಸೆ, ಮಲ್ಲಿಗೆ ಹಾಗಿರೋದು. ಈಗ್ಲೇ ಅಕ್ಕಿ ನೆನ್ಸಿಡಿ, ಹೋಗಿ. ನಾನು ಒಳಗೆ ಕಾಲಿಡಲ್ಲ."

ಯಜ್ಞೇಶ ಅಡಿಗೆಮನೆಗೆ ಹೋದ. ಗೋಡೆಯ ಮೇಲೆ ಒಂದೇ ಅಳತೆಯ ಹದಿನಾಲ್ಕು ಸ್ಟೀಲ್ ಡಬ್ಬಿಗಳು, ಬೋರ್ಡು ಕಳಚಿದ ಬಸ್ಸುಗಳ ಹಾಗೆ ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಅಕ್ಕಿ ಯಾವುದರಲ್ಲಿದೆ ಎಂದು, ಹದಿನಾರು ದಿನ ದೋಸೆ ಮಾಡಿದ ಮನುಷ್ಯ ಕೇಳುವ ಹಾಗಿರಲಿಲ್ಲ.