ಸೋನವಾಡಿಯಲ್ಲಿ ಸೇವೆ

ಸಲಿಕೆ ಮುಟ್ಟಿದ್ದೇ ತಪ್ಪಾಯಿತು. ತಿಮೋತಿ ಅದನ್ನು ಇನ್ನೂ ಎತ್ತಿರಲಿಲ್ಲ. ಗೋಡೆಗೆ ಒರಗಿದ್ದ ಸಲಿಕೆಯ ಹಿಡಿಯ ಮೇಲೆ ಕೈ ಇಟ್ಟಿದ್ದ, ಅಷ್ಟೆ. ಎಂಬತ್ತು ದಾಟಿದ ಸುಂದರಬಾಯಿ ಅಂಗಳದ ಆ ತುದಿಯಿಂದ ಕೋಳಿಮರಿ ಕಂಡ ಹದ್ದಿನಂತೆ ಬಂದು ಕಸಿದುಕೊಂಡಳು.

"ಏ ತಮ್ಮಾ, ಬಿಡು! ನಾ ಇನ್ನಾ ಸತ್ತಿಲ್ಲ. ನಮ್ಮನಿಗಿ ಬಂದ ಬೀಗರು ಸಲಿಕಿ ಹಿಡದ್ರಂದ್ರ ಮಂಠಾಳ ಸಂತ್ಯಾಗ ನಾ ಹ್ಯಾಂಗ ಮಾರಿ ತೋರಸ್ಲಿ?"

"ಆಯೀ, ನಾವು ಬಂದಿದ್ದೇ ದುಡೀಲಾಕರಿ."

"ದುಡೀಲಾಕ ಬಂದವರಿಗಿ ಕೂಲಿ ಮಂದಿ ಅಂತಾರ. ಉಣ್ಣಾಕ ಬಂದವರಿಗಿ ಬೀಗರು ಅಂತಾರ. ನಿನ್ನಿ ನಮ್ಮನಿಯಾಗ ಉಂಡಿ ಇಲ್ಲೊ?"

"ಉಂಡೀನ್ರಿ."

"ಮತ್ತ ಮುಗೀತು."

ಸಲಿಕೆ ಒಳಗೆ ಹೋಯಿತು. ಬದಲಿಗೆ ಚಹದ ಕಪ್ಪು ಬಂತು. ಬೆಳಗಿನಿಂದ ಅದು ಮೂರನೆಯದು.

ತಿಮೋತಿ ಹುಮನಾಬಾದಿನ ಹುಡುಗ, ಬಿ.ಎಸ್ಸಿ. ಕೊನೆಯ ವರ್ಷ. ಕ್ರಿಸ್‌ಮಸ್ ರಜೆಯಲ್ಲಿ ಅವನ ಚರ್ಚಿನ ಯುವಕ ಸಂಘ ಒಂಬತ್ತು ವಿದ್ಯಾರ್ಥಿಗಳನ್ನು ಮೂರು ದಿನದ ಸೇವೆಗೆಂದು ಬಸವಕಲ್ಯಾಣ ತಾಲೂಕಿನ ಸೋನವಾಡಿಗೆ ಕಳಿಸಿತ್ತು. ಅವನೇ ನಾಯಕ. ಹಿಂದಿನ ವರ್ಷ ಹೋದ ತಂಡ ಹಾಡು ಹೇಳಿ, ಊಟ ಮಾಡಿ, ಫೋಟೋ ತೆಗೆಸಿಕೊಂಡು ಬಂದಿತ್ತು. ಈ ಸಲ ಹೊರಡುವ ಮುಂಚೆ ತಿಮೋತಿ ಚರ್ಚಿನಲ್ಲಿ ಎದ್ದು ನಿಂತು, ತಾವು ಅಂಥವರಲ್ಲ, ಬೆವರು ಸುರಿಸಿಯೇ ಬರುತ್ತೇವೆ ಎಂದು ಎಲ್ಲರ ಮುಂದೆ ಹೇಳಿದ್ದ. ಮೊದಲ ಸಾಲಿನಲ್ಲಿದ್ದ ಅವನ ತಾಯಿ ಹಿಂದಕ್ಕೆ ತಿರುಗಿ, ಎಲ್ಲರೂ ಕೇಳಿದರೋ ಇಲ್ಲವೋ ಎಂದು ಒಬ್ಬೊಬ್ಬರ ಮುಖವನ್ನೇ ನೋಡಿದ್ದಳು.

ಬರುವ ಭಾನುವಾರ ಅವನು ಅದೇ ಜಾಗದಲ್ಲಿ ನಿಂತು ಸಾಕ್ಷಿ ಹೇಳಬೇಕಿತ್ತು. ಏನು ಕೆಲಸವಾಯಿತು ಎಂದು ಊರವರು ಬರೆದುಕೊಟ್ಟ ಕಾಗದವನ್ನು ಪಾಸ್ಟರರು ಓದುತ್ತಾರೆ. ಕಾಗದ ಖಾಲಿ ಬಂದರೆ ಮುಂದಿನ ವರ್ಷ ಮತ್ತೆ ಹಾಡಿನ ತಂಡವೇ. ಹಿರಿಯರು ಅದನ್ನು ಮೊದಲೇ ಸ್ಪಷ್ಟವಾಗಿ ಹೇಳಿದ್ದರು.

ಇವತ್ತು ಮೂರನೆಯ ದಿನ. ಐದು ಗಂಟೆಗೆ ಜೀಪು ಬರುತ್ತದೆ. ಇಲ್ಲಿಯವರೆಗೆ ತಂಡ ಒಂದು ಕಡ್ಡಿಯನ್ನೂ ಎತ್ತಿರಲಿಲ್ಲ.

ಮೊದಲ ದಿನವೇ ಪಂಚಾಯ್ತಿ ಸದಸ್ಯ ಮಹಾರುದ್ರಪ್ಪ ನೇರವಾಗಿ ಕೇಳಿದ್ದ. "ಧರ್ಮದ ಪ್ರಚಾರ ಏನರೆ ಅದ ಏನ್ರಿ?"

"ಇಲ್ರಿ, ಬಿಲ್ಕುಲ್ ಇಲ್ಲ. ಬರೇ ಕೆಲಸ."

ಮಹಾರುದ್ರಪ್ಪನ ಮುಖ ಸಣ್ಣದಾಯಿತು. "ಪ್ರಚಾರ ಆಗಿದ್ರ ಛಲೋ ಇತ್ತು ನೋಡ್ರಿ. ಒಂದ್ ತಾಸು ಕುಂತು ಕೇಳ್ತಿದ್ವಿ, ಚಹಾ ಕುಡದು ಎದ್ದು ಹೋಗ್ತಿದ್ವಿ. ಕೆಲಸಾ ಅಂದ್ರ ತ್ರಾಸಿನ ಮಾತು. ನಮ್ಮೂರ ಇಜ್ಜತ್ ಏನಾಗಬೇಕ್ರಿ?"

ಎರಡನೆಯ ದಿನ ಶಾಲೆಗೆ ಸುಣ್ಣ ಬಳಿಯುವುದಿತ್ತು. ಬ್ರಶ್ಶು, ಬಕೆಟ್ಟು ಹಿಡಿದು ಹೋದರೆ ಶಾಲೆ ಆಗಲೇ ಮದುಮಗನಂತೆ ಫಳಫಳ ಹೊಳೆಯುತ್ತಿತ್ತು. ಬೀಗರು ಹೊಲಸು ಗೋಡೆ ನೋಡಬಾರದೆಂದು ಊರವರೇ ನಸುಕಿನಲ್ಲಿ ಎದ್ದು ಬಳಿದು ಮುಗಿಸಿದ್ದರು.

ಉಳಿದದ್ದು ಒಂದೇ. ಕೈಪಂಪಿನ ಹತ್ತಿರ ಕೊಚ್ಚೆ ನೀರು ಇಂಗಲು ಒಂದು ಗುಂಡಿ ತೋಡುವುದು. ಸುಂದರಬಾಯಿ ಒಳಗೆ ಹೋದದ್ದನ್ನು ನೋಡಿ ತಿಮೋತಿ ತಂಡದೊಂದಿಗೆ ಹಿತ್ತಲ ದಾರಿಯಿಂದ ಕೈಪಂಪಿಗೆ ಓಡಿದ. ಅಲ್ಲಿ ಜೆಸಿಬಿ ಗುರುಗುಡುತ್ತಿತ್ತು.

"ಬರ್ರಿ ಬರ್ರಿ!" ಮಹಾರುದ್ರಪ್ಪ ಕೈ ಬೀಸಿದ. "ನಿಮಗ್ಯಾಕ ತ್ರಾಸಂತ ನಮ್ಮ ಅಳಿಯನ ಗಾಡಿ ತರ್ಸೀನಿ. ಏಳು ನಿಮಿಷದ ಕೆಲಸ. ಖುರ್ಚಿ ಹಾಕ್ಸೀನಿ, ಕುಂದರ್ರಿ."

ಒಂಬತ್ತು ಪ್ಲಾಸ್ಟಿಕ್ ಖುರ್ಚಿಗಳು ಸಾಲಾಗಿದ್ದವು. ಒಂಬತ್ತು ಜನ ಕುಸ್ತಿ ನೋಡಲು ಬಂದವರಂತೆ ಕುಳಿತು ಜೆಸಿಬಿ ನೋಡಿದರು.

"ಅಣ್ಣಾ, ಕಾಗದದಾಗ ಇದನ್ನೇ ಬರಸು," ಎಂದಳು ಪಕ್ಕದಲ್ಲಿದ್ದ ಮಯೂರಿ. "ಒಂಬತ್ತು ಮಂದಿ ಧೈರ್ಯದಿಂದ ಧೂಳು ನುಂಗಿದ್ರು ಅಂತ."

ಮಯೂರಿ ಚರ್ಚಿನವಳಲ್ಲ. ಘಾಟಬೋರಾಳದ ಬೌದ್ಧ ಮನೆಯವಳು, ಕಾಲೇಜಿನ ಗೆಳತಿ. ಕೆಲಸ ಇದೆ ಅಂದದ್ದಕ್ಕೆ ಬಂದಿದ್ದಳು. ತಂಡದಲ್ಲಿ ಗುದ್ದಲಿ ಹಿಡಿದು ಗೊತ್ತಿದ್ದವಳು ಅವಳೊಬ್ಬಳೇ.

ಮಧ್ಯಾಹ್ನ ಸುಂದರಬಾಯಿಯ ಮಗ ಧನರಾಜ ನಿಂತೇ ಬಡಿಸಿದ. ಐವತ್ತೈದರ ಆಳು, ಮೀಸೆ ಎರಡು ಅಳಿಲುಗಳಷ್ಟು ದಪ್ಪ. ಸಜ್ಜೆ ರೊಟ್ಟಿಯಾಯಿತು, ಪಲ್ಯವಾಯಿತು, ಶೇಂಗಾ ಹೋಳಿಗೆ ಶುರುವಾಯಿತು.

"ಸಾಕ್ರಿ ಕಾಕಾ."

"ಇನ್ನೊಂದು. ಇಲ್ಲಂದ್ರ ನನಗ ಸಿಟ್ಟು ಬರ್ತದ. ನನ್ನ ಸಿಟ್ಟು ನಿಮಗ ಗೊತ್ತಿಲ್ಲ."

ಅವನ ಸಿಟ್ಟು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಊರಿನ ಜಗಳಗಳನ್ನು ಬೀಗರ ಮುಂದೆ ಬಿಚ್ಚುವ ರೂಢಿ ಸೋನವಾಡಿಯಲ್ಲಿ ಇರಲಿಲ್ಲ.

ಉಂಡಾದ ಮೇಲೆ ಊರು ಮಲಗಿತು. ಗಂಟೆ ಎರಡು.

"ಊರಾಗ ಎಲ್ಲಾ ಕಡಿ ಕಣ್ಣವ," ಎಂದಳು ಮಯೂರಿ. "ಹೊಲದ ಕಡಿ ನಡೀರಿ. ಯಾರೂ ಕಸಗೊಳ್ಳಲಾರದ ಕೆಲಸ ಹುಡುಕೋಣ."

ಅರ್ಧ ಕಿಲೋಮೀಟರಿನಲ್ಲಿ ಸಿಕ್ಕಿತು. ತೊಗರಿ ಹೊಲದ ನಡುವೆ ಗಾಡಿಯ ದಾರಿ. ದಾರಿಗೆ ಅಡ್ಡವಾಗಿ ಎದೆಯೆತ್ತರ ಕರಿಕಲ್ಲಿನ ಗುಡ್ಡೆ, ಮೇಲೆ ಜಾಲಿ ಮುಳ್ಳು. ಗುಡ್ಡೆಯ ಆಚೆ ದಾರಿ ಮತ್ತೆ ಮುಂದುವರಿದು ಒಂದು ಹೊಲದಮನೆಗೆ ಮುಟ್ಟಿತ್ತು.

ತಿಮೋತಿಯ ಕಣ್ಣು ತುಂಬಿ ಬಂತು. "ಪಾಪ ನೋಡ್ರಿ. ಎಷ್ಟ್ ವರ್ಷದಿಂದ ಹಿಂಗೇ ಬಿದ್ದದೊ. ತೆಗ್ಯಾಕ ಯಾರೂ ಇಲ್ಲ."

ತಲೆ ಬಾಗಿಸಿ ಸಣ್ಣ ಪ್ರಾರ್ಥನೆ ಮಾಡಿದರು. ಮಯೂರಿ ಗುಡ್ಡೆಯ ಫೋಟೋ ತೆಗೆದು, ವೇಲನ್ನು ಸೊಂಟಕ್ಕೆ ಬಿಗಿದಳು. "ಬೆನ್ನು ಬಗ್ಗಿಸಿ ಎತ್ತಬ್ಯಾಡ್ರಿ, ಮೊಣಕಾಲು ಬಗ್ಗಸ್ರಿ. ನಮ್ಮವ್ವ ಇಪ್ಪತ್ತು ವರ್ಷ ಕಲ್ಲು ಹೊತ್ತಾಳ. ಒಬ್ಬರೂ ಆಕೀದು ಫೋಟೋ ತಗದಿಲ್ಲ."

ಎಲ್ಲರೂ ಮೊಣಕಾಲು ಬಗ್ಗಿಸಿದರು.

ಎರಡು ತಾಸು ದುಡಿದರು. ಸಲಿಕೆ ಇಲ್ಲ, ಹಾರೆ ಇಲ್ಲ, ಬರಿಗೈ. ಅಂಗೈ ಸುಲಿಯಿತು. ಮುಳ್ಳು ಚುಚ್ಚಿತು. ಹೊತ್ತ ಕಲ್ಲನ್ನೆಲ್ಲ ಬದುವಿನ ಗುಂಟ ಚೊಕ್ಕಟವಾಗಿ ಪೇರಿಸಿದರು. ಮೂರು ದಿನದ ಹೋಳಿಗೆಯೆಲ್ಲ ಬೆವರಾಗಿ ಇಳಿಯಿತು. ಕೊನೆಯ ಕಲ್ಲು ಎತ್ತಿದಾಗ ದಾರಿ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಕಂಡಿತು. ತಿಮೋತಿ ಅದರ ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತ. ತನ್ನ ಜೀವಮಾನದಲ್ಲಿ ಅವನು ಅಷ್ಟು ಎತ್ತರವಾಗಿ ಎಂದೂ ನಿಂತಿರಲಿಲ್ಲ.

ಆಗಲೇ ಆಚೆಯಿಂದ ಬೈಕಿನ ಮೇಲೆ ಮೇವು ಹೇರಿಕೊಂಡು ಒಬ್ಬ ಬಂದ. ದಾರಿ ನೋಡಿ ಬ್ರೇಕು ಹಾಕಿದ. ಮೇವು ಬಿತ್ತು. ಎತ್ತಿಕೊಳ್ಳಲಿಲ್ಲ. ಬಾಯಿ ತೆರೆದವನು ತೆರೆದಂತೆಯೇ ಅವರ ಪಕ್ಕದಿಂದ ಊರಿನ ಕಡೆ ಬೈಕು ಬಿಟ್ಟ.

"ಖುಷಿಗಿ ಮಾತೇ ಬರಲಿಲ್ಲ ನೋಡು ಅವರಿಗಿ," ಎಂದ ತಿಮೋತಿ.

ಹತ್ತು ನಿಮಿಷದಲ್ಲಿ ಅರ್ಧ ಊರು ಬಂತು. ಮುಂದೆ ಮಹಾರುದ್ರಪ್ಪ, ಚಪ್ಪಲಿ ಕೈಯಲ್ಲಿ.

"ಯಾರ್ ತೆಗೀ ಅಂದ್ರು? ಯಾರ್ ಹೇಳಿದ್ರು ನಿಮಗ?"

"ಯಾರೂ ಹೇಳಿಲ್ರಿ. ನಾವೇ..."

"ಅಯ್ಯ ಪುಣ್ಯಾತ್ಮಾ! ಅದು ಕಲ್ಲಲ್ಲೊ, ಕೇಸು! ಕೋರ್ಟಿನ ಕೇಸು!"

ಉಸಿರು ಸಿಕ್ಕಮೇಲೆ ಮಹಾರುದ್ರಪ್ಪ ಬಿಡಿಸಿ ಹೇಳಿದ. ಹೊಲ ಧನರಾಜನದು. ಆಚೆಯ ಹೊಲದಮನೆ ಓಂಪ್ರಕಾಶನದು, ಅಂದರೆ ಈಗ ಬೈಕಿನ ಮೇಲೆ ಬಂದವನದು. ಇಬ್ಬರೂ ಅಕ್ಕ ತಂಗಿಯರ ಮಕ್ಕಳು. ಹನ್ನೊಂದು ವರ್ಷದ ಹಿಂದೆ ಯಾವುದೋ ಮದುವೆಯಲ್ಲಿ ಯಾರಿಗೆ ಮೊದಲು ಮರ್ಯಾದೆಯ ಟೊಪ್ಪಿಗೆ ತೊಡಿಸಿದರು ಎಂಬುದಕ್ಕೆ ಮಾತು ಬೆಳೆದು ಧನರಾಜ ದಾರಿಗೆ ಕಲ್ಲು ಹಾಕಿಸಿದ. ಓಂಪ್ರಕಾಶ ಕೋರ್ಟಿಗೆ ಹೋದ. ತಾರೀಖಿನ ದಿನ ಇಬ್ಬರೂ ಒಂದೇ ಬಸ್ಸಿಗೆ ಬಸವಕಲ್ಯಾಣಕ್ಕೆ ಹೋಗುತ್ತಿದ್ದರು, ಒಬ್ಬ ಮುಂದಿನ ಬಾಗಿಲಿನಿಂದ, ಒಬ್ಬ ಹಿಂದಿನ ಬಾಗಿಲಿನಿಂದ. ಇಬ್ಬರಿಗೂ ಸಾಕಾಗಿತ್ತು. ಆದರೆ ಕಲ್ಲು ಮುಟ್ಟಿದವನು ಸೋತಂತೆ. ಹಾಗಾಗಿ ಯಾರೂ ಮುಟ್ಟಿರಲಿಲ್ಲ.

ಜನ ಎರಡಾಗಿ ಸರಿದರು. ನಡುವೆ ಧನರಾಜ ಬಂದ, ಕೈಯಲ್ಲಿ ಬಡಿಗೆ. ಅವನ ಹಿಂದೆಯೇ ಓಂಪ್ರಕಾಶ ಬಂದು ಇನ್ನೊಂದು ಬದಿಗೆ ನಿಂತ.

"ನಾ ತೆಗಸಿಲ್ಲ," ಎಂದ ಓಂಪ್ರಕಾಶ.

"ಮತ್ತ ನಾ ತೆಗಸೀನೇನು?" ಧನರಾಜ ಗುಡುಗಿದ. "ಯಾವ ಮಗ ಅಂವ, ನನ್ನ ಕಲ್ಲಿಗಿ ಕೈ ಹಚ್ಚಿದಾಂವ..."

ತಿಮೋತಿ ಕೈ ಎತ್ತಿದ. ತರಗತಿಯಲ್ಲಿ ಹಾಜರಿ ಹೇಳುವಂತೆ.

ಧನರಾಜನ ಬಾಯಿ ನಿಂತಿತು. ಮುಂದೆ ಇದ್ದವರು ಬೀಗರು. ಮಧ್ಯಾಹ್ನವಷ್ಟೇ ಅವನೇ ಒತ್ತಾಯ ಮಾಡಿ ಹೋಳಿಗೆ ಬಡಿಸಿದವರು. ಬೈಯುವಂತಿಲ್ಲ, ಬಡಿಯುವಂತಿಲ್ಲ. ಸಿಟ್ಟು ಮೇಲೆ ಬಂದು, ದಾರಿ ಸಿಗದೆ, ಮೀಸೆಯಲ್ಲಿ ಸಿಕ್ಕಿಕೊಂಡಿತು.

"ಉಂಡ ಮ್ಯಾಲ," ಎಂದ ಅವನು ಹಲ್ಲು ಕಚ್ಚಿ, "ಜರಾ ಮಲಗಬೇಕಿತ್ತಲ್ರಿ ನೀವು."

ಆಗ ಗುಂಪಿನ ಹಿಂದಿನಿಂದ ಕೋಲಿನ ಸದ್ದು ಕೇಳಿತು. ಸುಂದರಬಾಯಿ ಯಾರನ್ನೂ ನೋಡದೆ ನಡೆದು ಬಂದಳು. ಮಗನನ್ನು ದಾಟಿದಳು. ಕಲ್ಲು ಇದ್ದ ಜಾಗವನ್ನು ಕೋಲಿನಿಂದ ಒಮ್ಮೆ ಕುಟ್ಟಿ ನೋಡಿದಳು.

"ಅವ್ವಾ, ಎಲ್ಲಿಗಿ?"

"ನನ್ನ ತಂಗಿ ಆ ಕಡಿ ಅದಾಳ. ಸುತ್ತ ಹಾಕಿ ಹೋಗೂ ಕಾಲು ನನಗಿಲ್ಲ. ನಿಮ್ಮ ಫೈಸಲಾ ಆಗೂತನಕ ಆಕಿ ಇರ್ತಾಳೊ, ನಾ ಇರ್ತೀನೊ. ನಾ ಹೊಂಟೆ. ಬೇಕಾದ್ರ ನನ್ನ ಹಿಂದ ಕಲ್ಲು ಇಟ್ಕೋರಿ."

ಅವಳು ನಡೆದಳು. ದಾರಿಯ ಏರಿನಲ್ಲಿ ಸ್ವಲ್ಪ ತಡವರಿಸಿದಾಗ ಓಂಪ್ರಕಾಶ ಓಡಿಹೋಗಿ ರಟ್ಟೆ ಹಿಡಿದ. "ದೊಡ್ಡವ್ವಾ, ಸಾವಕಾಶ."

ಧನರಾಜ ಬಡಿಗೆ ಊರಿಕೊಂಡು ಬಹಳ ಹೊತ್ತು ನೋಡುತ್ತ ನಿಂತ. ಆಮೇಲೆ ಯಾರಿಗೂ ಅಲ್ಲದಂತೆ ಹೇಳಿದ. "ಅವ್ವ ಆ ಕಡಿ ಹೋಗ್ಯಾಳ. ಇನ್ನ ಕಲ್ಲು ಹ್ಯಾಂಗ ಇಡ್ಲಿ?"

ಒಂಬತ್ತು ಜನರೂ ಒಬ್ಬರ ಮುಖ ಒಬ್ಬರು ನೋಡಿದರು. ಹಾಡಿನ ತಂಡ ನೂರು ವರ್ಷ ಹಾಡಿದರೂ ಇದು ಆಗುತ್ತಿತ್ತೇ? ತಿಮೋತಿಯ ತಲೆಯಲ್ಲಿ ಭಾನುವಾರದ ಸಾಕ್ಷಿ ತಾನೇ ತಾನಾಗಿ ಬರೆದುಕೊಳ್ಳತೊಡಗಿತು. ಮೊದಲ ಸಾಲಿನಲ್ಲಿ ತಾಯಿ, ಅವಳ ಹಿಂದೆ ಇಡೀ ಚರ್ಚು.

"ಮಹಾರುದ್ರಪ್ಪ ಕಾಕಾ, ನಮ್ಮ ಕಾಗದಾರಿ," ಎಂದ.

ಮಹಾರುದ್ರಪ್ಪ ಧನರಾಜನನ್ನೂ ಮರಳಿ ಬಂದ ಓಂಪ್ರಕಾಶನನ್ನೂ ಬೇವಿನ ಮರದ ಕೆಳಗೆ ಕರೆದೊಯ್ದ. ಮೂವರೂ ತಲೆಗೆ ತಲೆ ಹಚ್ಚಿ ಪಿಸುಗುಟ್ಟಿದರು. ಐದು ಗಂಟೆಗೆ ಜೀಪಿನ ಹತ್ತಿರ ಕಾಗದ ಬಂತು. ಮೇಲೆ ಒತ್ತಿದ ಪಂಚಾಯ್ತಿ ಶಿಕ್ಕಾ, ಕೆಳಗೆ ಇಬ್ಬರು ಸಾಕ್ಷಿದಾರರ ಸಹಿ: ಧನರಾಜ, ಅದರ ಪಕ್ಕದಲ್ಲೇ ಓಂಪ್ರಕಾಶ. ಹನ್ನೊಂದು ವರ್ಷದಲ್ಲಿ ಇಬ್ಬರ ಹೆಸರು ಮೊದಲ ಸಲ ಒಂದೇ ಕಡೆ ನಿಂತಿತ್ತು.

ತಿಮೋತಿ ಓದಿದ.

"ಸದರಿ ಒಂಬತ್ತು ವಿದ್ಯಾರ್ಥಿಗಳು ಮೂರು ದಿವಸ ನಮ್ಮ ಗ್ರಾಮದಲ್ಲಿ ತಂಗಿ, ಹೊತ್ತುಹೊತ್ತಿಗೆ ಊಟ ಮಾಡಿ, ಸುಖವಾಗಿ ವಿಶ್ರಾಂತಿ ಪಡೆದಿರುತ್ತಾರೆ. ಇವರು ಯಾವುದೇ ಕೆಲಸ ಮಾಡಿರುವುದಿಲ್ಲ. ವಿಶೇಷವಾಗಿ, ಯಾವುದೇ ಕಲ್ಲನ್ನು ಮುಟ್ಟಿರುವುದಿಲ್ಲ."

ಅವನು ಇನ್ನೊಮ್ಮೆ ಓದಿದ. ಅದು ಬದಲಾಗಲಿಲ್ಲ.

"ಇದೇನ್ರಿ ಕಾಕಾ?"

"ನೀವು ತೆಗದ್ರಿ ಅಂತ ಬರದ್ರ, ತೆಗಸಿದಾಂವ ಯಾರಂತ ವಕೀಲ ಕೇಳ್ತಾನ. ಆವಾಗ ಇಬ್ಬರಾಗ ಒಬ್ಬಾಂವ ಸೋಲಬೇಕು. ಸೋತಾಂವ ಮರುದಿನ ಮತ್ತ ಕಲ್ಲು ಹಾಕ್ತಾನ. ಯಾರೂ ತೆಗದಿಲ್ಲಂದ್ರ ಯಾರೂ ಸೋತಿಲ್ಲ."

"ಮತ್ತ ಕಲ್ಲು ಎಲ್ಲಿ ಹೋದ್ವು ಅಂದ್ರ?"

"ಮಳಿಗಿ ಹೋದ್ವು."

"ಡಿಸೆಂಬರದಾಗ?"

"ನಮ್ಮೂರ ಮಳಿರಿ ಅದು. ನಿಮಗ ಗೊತ್ತಾಗೂದಿಲ್ಲ." ಮಹಾರುದ್ರಪ್ಪ ಮಯೂರಿಯ ಕಡೆ ತಿರುಗಿದ. "ತಂಗೀ, ಫೋಟೋ ತಗದೀ ಅಂತ. ಜರಾ ಅಳಿಸಿ ಬಿಡು ನಮ್ಮವ್ವ."

"ಚರ್ಚಿನಾಗ ನಿಂತು ನಾ ಸುಳ್ಳು ಹೇಳಂಗಿಲ್ರಿ," ಎಂದ ತಿಮೋತಿ.

"ಸುಳ್ಳು ಹೇಳಂತ ಯಾರಂದ್ರು? ಸುಮ್ಮಕಿರ್ರಿ ಸಾಕು."

ತಿಮೋತಿ ಕಾಗದ ಹರಿಯಬಹುದಿತ್ತು. ಹರಿಯಲೆಂದೇ ಎರಡೂ ಕೈಯಿಂದ ಹಿಡಿದಿದ್ದ. ಧನರಾಜ ಮತ್ತು ಓಂಪ್ರಕಾಶ ಅವನನ್ನೇ ನೋಡುತ್ತ, ಭುಜಕ್ಕೆ ಭುಜ ತಾಗಿಸಿ, ಫಲಿತಾಂಶಕ್ಕೆ ಕಾದ ಹುಡುಗರಂತೆ ನಿಂತಿದ್ದರು. ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟ. ಮಯೂರಿ ಒಂದೊಂದೇ ಫೋಟೋ ಅಳಿಸಿದಳು. ಧನರಾಜ ಜೀಪಿನೊಳಗೆ ಹೋಳಿಗೆಯ ಡಬ್ಬಿ ತುರುಕಿದ.

ಜೀಪು ಮಂಠಾಳದ ರಸ್ತೆ ಹತ್ತುವ ಮೊದಲೇ ಫೋನು ಬಡಿದುಕೊಂಡಿತು. ತಾಯಿ. ಹಿಂದೆ ಬಹಳ ಹೆಂಗಸರ ಸದ್ದು.

"ತಿಮೋತಿ, ಸ್ಪೀಕರ್ ಹಾಕೀನಪ್ಪಾ. ಪ್ರಾರ್ಥನಾಕೂಟದ ಅಕ್ಕಗೋಳು ಎಲ್ಲಾರೂ ಕುಂತಾರ. ಹೇಳು ಮಗನ, ಏನೇನ್ ಕೆಲಸಾ ಮಾಡಿದ್ರಿ?"

ಕಿಟಕಿಯ ಹೊರಗೆ ಹೊಲದಮನೆಯ ಕಟ್ಟೆ ಕಾಣುತ್ತಿತ್ತು. ಅಲ್ಲಿ ಇಬ್ಬರು ಮುದುಕಿಯರು ಕುಳಿತು, ಒಬ್ಬರ ಮಾತಿಗೆ ಒಬ್ಬರು ಬಾಯಿ ಹಾಕುತ್ತ, ಕೈ ತಿರುವುತ್ತ ಜೋರಾಗಿ ಬೈದಾಡುತ್ತಿದ್ದರು. ತಿಮೋತಿ ಎದೆ ಸೆಟೆಸಿ ಕುಳಿತ. ಸುಲಿದ ಅಂಗೈಯಲ್ಲಿ ಫೋನು ಉರಿಯುತ್ತಿತ್ತು.

"ಊಟ ಭಾಳ ಛಲೋ ಇತ್ತವ್ವಾ," ಎಂದ.

"ಮತ್ತ?"

"ಆರಾಮ್ ತಗೊಂಡ್ವಿ."