ಬ್ರೀಫ್‌ಕೇಸ್ ಹಿಡಿದ ಆನೆ

ಆನೆಯ ನಡಿಗೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಮೈಸೂರಿನವನು. ಚಿಕ್ಕಂದಿನಲ್ಲಿ ಅರಮನೆಯ ಆನೆಗಳ ಹಿಂದೆ ನೋಟ್‌ಬುಕ್ ಹಿಡಿದು ಅಲೆದವನು. ನನ್ನ ಕಲೆಯ ಮೇಲೆ ಪ್ರಭಾವ ಬೀರಿದ ಮಹನೀಯರು ಯಾರೆಂದು ಕೇಳಿದರೆ, ಆ ಆನೆಗಳೇ ಎಂದು ಗಂಭೀರವಾಗಿ ಹೇಳುತ್ತಿದ್ದೆ.

ಪರೇಲಿನ ಕಾರ್ಟೂನ್ ಸ್ಟುಡಿಯೋದಲ್ಲಿ ಆರು ವರ್ಷ ಬೇರೆಯವರು ಬರೆದ ಚಿತ್ರಗಳಿಗೆ ಬಣ್ಣ ತುಂಬಿದೆ. ಆಮೇಲೆ ಹಲ್ಲುಪುಡಿಯ ಜಾಹೀರಾತೊಂದರಲ್ಲಿ ಆನೆ ಬಂತು. ಸ್ಟುಡಿಯೋದ ಸಾಹೇಬರು ಅದನ್ನು ನನಗೇ ಕೊಟ್ಟರು. ಸರಿಹೋದರೆ ಆನಿಮೇಟರ್, ಇಲ್ಲದಿದ್ದರೆ ಮತ್ತೆ ಬಣ್ಣದ ಡಬ್ಬಿ.

ಆದರೆ ಹಲ್ಲುಪುಡಿಯ ಸೇಠ್‌ಜಿಗೆ ಬೇಕಾಗಿದ್ದದ್ದು ಬ್ರೀಫ್‌ಕೇಸ್ ಹಿಡಿದು ಎರಡೇ ಕಾಲಲ್ಲಿ ಆಫೀಸಿಗೆ ಹೋಗುವ ಆನೆ. ಅಂಥದ್ದು ಅರಮನೆಯಲ್ಲಿ ಇರಲಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕೂ ದಾರಿಯಿದೆ: ಕನ್ನಡಿಯ ಮುಂದೆ ತಾನೇ ನಡೆದು, ನೋಡಿ ಬರೆಯುವುದು. ವಡಾಲದ ಮನೆಯಲ್ಲಿ ಬೀರುವಿನ ಕನ್ನಡಿಯ ಮುಂದೆ ಮೂರು ದಿನ ಅತ್ತಿಂದಿತ್ತ ನಡೆದೆ.

"ರೀ, ಮೊದ್ಲು ಆ ಕಾಲಿನ ಆಣಿನ ಡಾಕ್ಟ್ರಿಗೆ ತೋರಿಸ್ರೀ," ಎಂದಳು ಹೆಂಡತಿ ಸರೋಜ.

"ಚಿತ್ರ ಬರೆಯೋದು ಕೈ ಕಣೇ, ಕಾಲಲ್ಲ," ಎಂದೆ.

ಕಾರ್ಟೂನಿನಲ್ಲಿ ಎರಡು ಹೆಜ್ಜೆ ಬರೆದರೆ ಸಾಕು. ಅವೇ ಚಿತ್ರಗಳನ್ನು ಮತ್ತೆ ಮತ್ತೆ ಕ್ಯಾಮೆರಾ ಕೆಳಗಿಟ್ಟರೆ ಆನೆ ಬೈಕುಲ್ಲಾವರೆಗೂ ನಡೆದುಹೋಗುತ್ತದೆ. ಹೆಜ್ಜೆಯಲ್ಲಿ ತಪ್ಪಿದ್ದರೆ ತಪ್ಪೂ ಬೈಕುಲ್ಲಾ ತಲುಪುತ್ತದೆ.

ಚಿತ್ರ ತೋರಿಸಿದ ದಿನ ಸೇಠ್‌ಜಿ ಒಂದು ನಿಮಿಷ ಪರದೆ ನೋಡಿದರು. "ಹಾಥಿ ಲಂಗ್ಡಾ ಕ್ಯೂಂ ಹೈ?" ಎಂದರು.

ಆನೆ ಎಡಗಾಲು ಎಳೆದು ಎಳೆದು ಆಫೀಸಿಗೆ ಹೋಗುತ್ತಿತ್ತು. ಅದು ನನ್ನ ಶೈಲಿ ಎಂದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಶೈಲಿಯನ್ನು ವಿವರಿಸಲು ಎದ್ದು ಪರದೆಯ ಹತ್ತಿರ ನಡೆದೆ. ಮೇಲೆ ಆನೆ, ಕೆಳಗೆ ನಾನು. ಇಬ್ಬರೂ ಅದೇ ಕಾಲು ಎಳೆಯುತ್ತಾ ಒಂದೇ ದಿಕ್ಕಿಗೆ ಹೊರಟಿದ್ದೆವು. ಎಲ್ಲರೂ ಅದನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿದರು. ಹಲ್ಲುಪುಡಿ ಬೇರೆ ಸ್ಟುಡಿಯೋಗೆ ಹೋಯಿತು!

ಆ ದಿನ ನಿಜಕ್ಕೂ ಅಳು ಬಂದಿತ್ತು. ಆದರೂ ಮನೆಯಲ್ಲಿ, ಕ್ಯಾಮೆರಾದವನು ಹಾಳು ಮಾಡಿದ ಎಂದೆ.

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಸರೋಜ ನನ್ನನ್ನು ಡಾಕ್ಟರ ಹತ್ತಿರ ಎಳೆದೊಯ್ದಳು.

ಒಮ್ಮೆ ಬರೆದಾದ ಆನೆಯನ್ನು ಸಾಹೇಬರು ಬಿಸಾಡುವವರಲ್ಲ. ಅದನ್ನು ಮಂಡಿನೋವಿನ ಮುಲಾಮಿನ ಕಂಪನಿಗೆ ಒಪ್ಪಿಸಿ ಬಂದರು. ಮೊದಲರ್ಧ ಸಿದ್ಧವಾಗಿತ್ತು. ಇನ್ನು ಮುಲಾಮು ಹಚ್ಚಿದ ಆನೆ ನೆಟ್ಟಗೆ ನಡೆಯಬೇಕು, ಅದೂ ಸೋಮವಾರದೊಳಗೆ. ಆಣಿ ಕತ್ತರಿಸಿದ ನನ್ನ ಕಾಲಿಗೆ ಆಗ ಇಷ್ಟು ದಪ್ಪ ಬ್ಯಾಂಡೇಜು. ಕೊನೆಗೆ ಸರೋಜಳೇ ಸೆರಗು ಸಿಕ್ಕಿಸಿ, ಬ್ರೀಫ್‌ಕೇಸ್ ಹಿಡಿದು ಕನ್ನಡಿಯ ಮುಂದೆ ನಡೆದಳು. ನಾನು ಮಂಚದ ಮೇಲೆ ಕೂತು ಬರೆದೆ.

ಜಾಹೀರಾತು ಟಿ.ವಿ.ಯಲ್ಲಿ ಬಂದ ಭಾನುವಾರ ಪಕ್ಕದ ಮನೆಯ ಮಂಗಳೂರಿನ ಸುಮತಿಯಕ್ಕ ನೇರ ನಮ್ಮ ಬಾಗಿಲಿಗೆ ಬಂದರು. "ಮುಲಾಮು ಹಚ್ಚುವ ಮೊದಲು ನಿನ್ನ ಗಂಡ, ಹಚ್ಚಿದ ಮೇಲೆ ನೀನು, ಅಲ್ವಾ ಮಾರಾಯ್ತಿ?"

ಆನೆಗೆ ಹೋಲಿಸಿದರೆಂದು ಸರೋಜ ಸಿಟ್ಟಾಗುತ್ತಾಳೆ ಅಂದುಕೊಂಡೆ. "ಹೂಂ ಅಕ್ಕ, ನಂದು ನೆಟ್ಟಗಿದೆ," ಎಂದಳು.

ನಾನು ಆನಿಮೇಟರ್ ಆದದ್ದಂತೂ ನಿಜ. ಕುಂಟುವ, ತೂರಾಡುವ, ಎಡವಿ ಬೀಳುವ ಪಾತ್ರಗಳೆಲ್ಲ ಇಂದಿಗೂ ನನಗೇ ಬರುತ್ತವೆ. ನೆಟ್ಟಗೆ ನಡೆಯುವ ಪಾತ್ರ ಬಂದರೆ ಮಾತ್ರ ಸಾಹೇಬರು ನನ್ನ ಮೇಜಿನ ಬಳಿ ನಿಂತು, ತುಸು ಸಂಕೋಚದಿಂದ ಕೇಳುತ್ತಾರೆ: "ಭಾಭಿಜಿ ಕೋ ಟೈಮ್ ಹೈ ಕ್ಯಾ?"