ಬೀದಿಗೆ ಚೆಲ್ಲಿದ ಬಂಗಾರ

ಸಮುದ್ರ ದಾಟಿದವರು ಮಾತ್ರ ಪರದೇಶಕ್ಕೆ ಹೋದವರು ಎಂದು ನಂಬಿಕೊಂಡವರ ಮೇಲೆ ನನಗೆ ಬಹಳ ಸಿಟ್ಟಿದೆ. ನಾನು ದಾಟಿದ್ದು ಹರಿಹರದ ಹೊಳೆಯೊಂದನ್ನೇ. ಮೈಸೂರು ಸಂಸ್ಥಾನದಲ್ಲಿ ರೈಲು ಹತ್ತಿ, ಮುಂಬಯಿ ಇಲಾಖೆಯ ಧಾರವಾಡದಲ್ಲಿ ಇಳಿದು, ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾದೆ. ಇಳಿದ ದಿನದಿಂದ ನಾನು ಬಾಯಿ ತೆರೆದರೆ ಸಾಕು, ಎದುರಿಗಿದ್ದವರು "ಯಾವೂರವ್ರಿ ನೀವು?" ಎಂದು ಕೇಳುತ್ತಿದ್ದರು. ಟಾಂಗಾದವನು ಕೇಳಿದ. ಕ್ಷೌರದವನು ಅರ್ಧ ಗಡ್ಡ ಕೆರೆದು, ಕತ್ತಿ ನಿಲ್ಲಿಸಿಕೊಂಡು ಕೇಳಿದ. ಕನ್ನಡದವನನ್ನು ಕನ್ನಡದವರೇ ಹೀಗೆ ಕೇಳಿದರೆ ಮೈ ಉರಿಯದೆ ಇರುತ್ತದೆಯೆ? ಅದರ ಮೇಲೆ ಆ ಊರಲ್ಲಿ ನನ್ನ ಪಾಲಿಗೆ ಕಾಫಿಯೇ ಇಲ್ಲ. ಹೋದ ಮನೆಯಲ್ಲೆಲ್ಲ ಚಹಾ. ಬೇಡವೆಂದರೆ ಅರ್ಧ ಕಪ್ಪು ಚಹಾ.

ಇದನ್ನೆಲ್ಲ ಹೇಗೋ ನುಂಗಿಕೊಂಡೆ. ನುಂಗಲಾಗದ್ದು ನನ್ನ ತರಗತಿ. ಒಂದು ದಿನ ಪಾಠದ ಕಷ್ಟವಾದ ಭಾಗವೊಂದನ್ನು, ಪಾಪ ಹುಡುಗರಿಗೆ ಅರ್ಥವಾಗಲಿ ಎಂದು, ನನ್ನ ಕೈಲಾದಷ್ಟು ತಿಳಿಯಾದ ಕನ್ನಡದಲ್ಲಿ ವಿವರಿಸಿದೆ. ಯಾರ ಮುಖದಲ್ಲೂ ಬೆಳಕಿಲ್ಲ. ಆಗ ಅಮ್ಮಿನಬಾವಿಯಿಂದ ಓದಲು ಬಂದಿದ್ದ ಚನ್ನಬಸಪ್ಪ, ಅವರಲ್ಲೆಲ್ಲ ದೊಡ್ಡವನು, ಬಹಳ ವಿನಯದಿಂದ ಎದ್ದು ನಿಂತ. "ಸರ್, ಇಂಗ್ಲೀಷಿನ್ಯಾಗ ಹೇಳ್ರಿ. ಅದು ತಿಳೀತೈತ್ರಿ."

ಇಡೀ ತರಗತಿ ನಕ್ಕಿತು. ಇಡೀ ತರಗತಿಯನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಅಂದಿನಿಂದ ಅವರಿಗೂ ನನಗೂ ಮಾತು ನಿಂತಿತು. ಯಾವ ಪ್ರಶ್ನೆ ಕೇಳಿದರೂ ಒಂದು ತುಟಿ ಅಲುಗುತ್ತಿರಲಿಲ್ಲ. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಈ ಮೌನವನ್ನು ಒಂದು ಪೀರಿಯಡ್ ಪೂರ್ತಿ ಕೇಳಿಸಿಕೊಂಡರು. ದಸರೆ ರಜೆಯ ನಂತರವೂ ಹೀಗೆಯೇ ನಡೆದರೆ ಬೇರೆ ಮಾಸ್ತರರನ್ನು ನೋಡಬೇಕಾಗುತ್ತದೆ ಎಂದರು. ಕೆಲಸ ಹೋಯಿತೆಂದು ಅಪ್ಪನ ಎದುರು ನಿಂತು ಹೇಳುವುದು ಹೇಗೆ? ಕಂಡರಿಯದ ಸೀಮೆಗೆ ಹೋಗಬೇಡವೆಂದು ತಲೆ ಚಚ್ಚಿಕೊಂಡವರು ಅವರೇ. ಹೆದರಿಕೊಂಡು ಆ ರಜೆಗೆ ಊರಿಗೇ ಹೋಗಲಿಲ್ಲ.

ವಿಜಯದಶಮಿಯ ಸಂಜೆ, ಮೈಸೂರಿನಲ್ಲಿ ಈ ಹೊತ್ತಿಗೆ ಆನೆ ಹೊರಟಿರಬೇಕು ಎಂದುಕೊಳ್ಳುತ್ತ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕುದಿಯುತ್ತಿದ್ದೆ. ಬಾಗಿಲಲ್ಲಿ ಗದ್ದಲವಾಯಿತು. ನೋಡಿದರೆ ನನ್ನ ತರಗತಿ, ಹೊಸ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ನಿಂತಿದೆ. ಚನ್ನಬಸಪ್ಪ ಮುಂದೆ ಬಂದು ಒಂದು ಹಿಡಿ ಸೊಪ್ಪನ್ನು ನನ್ನ ಅಂಗೈಗೆ ಹಾಕಿ, "ಬಂಗಾರ ತಗೋರಿ, ಸರ್" ಎಂದ.

ಸೊಪ್ಪು ಕೊಟ್ಟು ಬಂಗಾರ ಎನ್ನುತ್ತಾನೆ! ಅದು ಬನ್ನಿ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ದಸರೆಯ ವಿಷಯ ಮೈಸೂರಿನವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಬನ್ನಿಮರಕ್ಕೆ ಮಹಾರಾಜರು ಪೂಜೆ ಮಾಡುತ್ತಾರೆ, ನಾವು ರಸ್ತೆಯ ಪಕ್ಕ ನಿಂತು ಮೆರವಣಿಗೆ ನೋಡುತ್ತೇವೆ. ನಮ್ಮ ಬೀದಿಯಲ್ಲಿ ಯಾರೂ ಅದನ್ನು ಕಿತ್ತು ತಂದು ಇನ್ನೊಬ್ಬರ ಕೈಗೆ ತುರುಕಿದ್ದನ್ನು ನಾನು ಕಂಡಿಲ್ಲ. ನಾನೇನು ಮೇಕೆಯೆ ಎಂದು ಕೇಳಿ, ಅಷ್ಟನ್ನೂ ಬೀದಿಗೆ ಎಸೆದೆ. ಹುಡುಗರು ಈ ಸಲ ನಗಲಿಲ್ಲ. ಒಬ್ಬರ ಹಿಂದೊಬ್ಬರು ಇಳಿದು ಹೋದರು.

ಮನೆಯ ಮಾಲೀಕರಾದ ಗುಂಡೂಕಾಕಾ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ನೋಡಿದ್ದರು. "ಮಾಸ್ತರ, ಹುಡುಗ್ರು ಜಗಳ ಮುಗಸಲಿಕ್ಕೆ ಬಂದಿದ್ರು. ನೀವು ಬಂಗಾರ ಬೀದಿಗೆ ಚೆಲ್ಲಿಬಿಟ್ರಿ" ಎಂದರು. ಆ ಸೀಮೆಯಲ್ಲಿ ಅಂದು ಒಂದು ಸಂಜೆಯ ಮಟ್ಟಿಗೆ ಬನ್ನಿಯೇ ಬಂಗಾರವಂತೆ. ಚಿಕ್ಕವರು ಅದನ್ನು ಕೊಟ್ಟು ಹಿರಿಯರ ಕಾಲಿಗೆ ಬೀಳುತ್ತಾರೆ. ಮಾತು ಬಿಟ್ಟವರೂ ಕೊಟ್ಟು ತೆಗೆದುಕೊಂಡರೆಂದರೆ, ಆಮೇಲೆ ಆ ಜಗಳದ ಸುದ್ದಿಯನ್ನೇ ಎತ್ತುವಂತಿಲ್ಲ.

ನನಗೆ ಸಿಟ್ಟು ಇನ್ನೂ ಏರಿತು. ಇಷ್ಟು ದೊಡ್ಡ ಸಂಗತಿಯನ್ನು ಮೊದಲೇ ಹೇಳಬಾರದೆ? ಯಾವೂರು ಎಂದು ಕೇಳಲು ಊರಿಗೆಲ್ಲ ಬಾಯಿದೆ, ಇದನ್ನು ಹೇಳಲು ಒಬ್ಬರಿಗೂ ಇಲ್ಲ. ಬೈದುಕೊಳ್ಳುತ್ತಲೇ ಬೀದಿಗಿಳಿದೆ. ಅಷ್ಟರಲ್ಲಿ ಎದುರುಮನೆಯ ಮೇಕೆ ನನ್ನ ಬಂಗಾರದ ಮುಕ್ಕಾಲು ಪಾಲನ್ನು ತಿಂದಿತ್ತು. ಅದರ ಬಾಯಿಂದ ಬಿಡಿಸಿಕೊಂಡಷ್ಟನ್ನು ಹಿಡಿದು, ಚನ್ನಬಸಪ್ಪ ಇಳಿದುಕೊಂಡಿದ್ದ ಅವನ ಸೋದರತ್ತೆಯ ಮನೆಗೆ ಓಡಿದೆ. ಹುಡುಗರೆಲ್ಲ ಅಲ್ಲಿಯೇ ಸಪ್ಪೆಮೋರೆ ಹಾಕಿಕೊಂಡು ಕುಳಿತಿದ್ದರು. ನಾನು ಕೈ ಚಾಚಿದೆ. ಚನ್ನಬಸಪ್ಪ ಗಾಬರಿಯಾಗಿ ಎದ್ದ. ದೊಡ್ಡವರು ಮೊದಲು ಕೊಡಬಾರದಂತೆ. ನನ್ನನ್ನು ತಡೆದು, ಕಾಲಿಗೆ ಬಿದ್ದು, ಜೇಬಿನಲ್ಲಿದ್ದ ಎಲೆ ಕೊಟ್ಟು, "ಈಗ ನೀವು ಕೊಡ್ರಿ, ಸರ್" ಎಂದ. ಮೇಕೆ ಕಚ್ಚಿದ ಎಲೆಯನ್ನು ಅವನು ಕಣ್ಣಿಗೊತ್ತಿಕೊಂಡ. ಅವನತ್ತೆ ಚಹಾ ತಂದರು, ಬೇಡವೆನ್ನಲಿಲ್ಲ. ರಜೆ ಮುಗಿದ ಮೇಲೆ ತರಗತಿಯ ಬಾಯಿ ತೆರೆಯಿತು. ಅದನ್ನು ಮುಚ್ಚಿಸುವುದೇ ಕಷ್ಟವಾಯಿತು. ನನ್ನ ಕೆಲಸ ಉಳಿಯಿತು.

ಕೆಲವು ವರ್ಷಗಳ ನಂತರ ದಸರೆಗೆ ಮೈಸೂರಿಗೆ ಹೋದೆ. ಸಂಜೆ ಅಪ್ಪನ ಅಂಗೈಯಲ್ಲಿ ಬನ್ನಿ ಇಟ್ಟು ಕಾಲಿಗೆ ಬಿದ್ದೆ. ಅವರು ಕನ್ನಡಕ ಏರಿಸಿ, ಎಲೆಯನ್ನು ಮೂಸಿ ನೋಡಿ, ಇದು ಯಾವ ಕಾಯಿಲೆಗೆ ಎಂದು ಕೇಳಿ, ಕಿಟಕಿಯಿಂದ ಹೊರಗೆ ಹಾಕಿದರು. ನನ್ನ ಮೈಯೆಲ್ಲ ಉರಿದುಹೋಯಿತು. "ಯಾರರೆ ಬಂಗಾರ ಬೀದಿಗೆ ಚೆಲ್ಲತಾರೇನ್ರಿ?" ಎಂದು ಅವರ ಮೇಲೆ ಹಾರಿಬಿದ್ದೆ.

ನಾನು ಹುಟ್ಟಿ ಬೆಳೆದ ಮನೆಯ ನಡುವೆ ಕುಳಿತು, ಅಪ್ಪ ನನ್ನ ಮುಖ ನೋಡಿ ಕೇಳಿದರು, "ಯಾವೂರಪ್ಪಾ ನಿಂದು?"